ಭಾನುವಾರದ ಬೆಟ್ಟದ ರೈಡ್: ಬರುವವರೆಲ್ಲ ಓದಿ

ಗೆಳೆಯರೇ, ಭಾನುವಾರದ ರೈಡ್ ಪಕ್ಕಾ. ಬೆಳಗ್ಗೆ 5:30ಕ್ಕೆ ಹೊರಡೋಣ. ಟೈರಿನ ಗಾಳಿಯನ್ನು ಗಾಡಿ ತಣ್ಣಗಿರುವಾಗಲೇ ನೋಡಿಕೊಳ್ಳಿ, ಓಡಿಸಿದ ಮೇಲೆ ನೋಡಿದರೆ ಜಾಸ್ತಿ ತೋರಿಸುತ್ತದೆ.

ನನಗೆ ಚಿಂತೆ ಇರುವುದು ಇಳಿಜಾರಿನದೇ. ಗೇರ್ ಇಳಿಸಿ, ಎಂಜಿನ್ನೇ ಗಾಡಿಯನ್ನು ತಡೆಯಲಿ. ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಬಂದರೆ ಪ್ಯಾಡ್ ಕಾದು ಹಿಡಿತ ಕಡಿಮೆಯಾಗುತ್ತದೆ. ನ್ಯೂಟ್ರಲ್‌ನಲ್ಲಿ ಇಳಿಸುವುದಂತೂ ಬೇಡವೇ ಬೇಡ. ತಿರುವಿಗೆ ಮೊದಲೇ ವೇಗ ತಗ್ಗಿಸಿ. ನೆರಳಿರುವ ಕಡೆ ಒದ್ದೆ ಎಲೆ ಬಿದ್ದಿರುತ್ತದೆ ಅಲ್ವಾ, ಅದರ ಮೇಲೆ ಮುಂದಿನ ಬ್ರೇಕ್ ಜೋರಾಗಿ ಹಿಡಿದರೆ ಚಕ್ರ ಜಾರುತ್ತದೆ.

ಕಾಡಿನೊಳಗೆ ಸುಮ್ನೆ ಹಾರ್ನ್ ಹೊಡೆಯಬೇಡಿ. ಪ್ರಾಣಿ ಕಂಡರೆ ದೂರದಲ್ಲೇ ನಿಲ್ಲಿ, ಅದು ದಾಟಿ ಹೋಗಲಿ. ಫೋಟೊಗೆಂದು ಯಾರೂ ಗಾಡಿಯಿಂದ ಇಳಿಯುವುದು ಬೇಡ.

ಕನ್ನಡಿಯಲ್ಲಿ ಹಿಂದಿನವರು ಕಾಣದಿದ್ದರೆ ನಿಧಾನ ಮಾಡಿ. ಬರುವವರು ಇವತ್ತು ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ.