ಗ್ರಾಂಟ್ ಮಂಜೂರಾಯಿತು, ನಿಮಗೆಲ್ಲ ನಾನು ಋಣಿ

ಸುಡಾನಿನ ಯುದ್ಧಪೀಡಿತರ ಊಟಕ್ಕೆಂದು ನಾವು ಕಾಯುತ್ತಿದ್ದ ಅನುದಾನ ಮಂಜೂರಾಗಿದೆ. ಎರಡು ವರ್ಷದ್ದು. ಮೊದಲ ಕಂತು ಆಗಲೇ ಸುಡಾನ್ ಮುಟ್ಟಿದೆ. ಕಷ್ಟದ ಕಾಲದಲ್ಲಿ ಕೈಹಿಡಿದ ತೀರ್ಥಹಳ್ಳಿ, ಹೊಸನಗರ, ಸಾಗರ, ಶಿವಮೊಗ್ಗದ ನಿಮಗೆಲ್ಲ ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಕೆಲಸ ಏನೆಂದು ಹಲವರಿಗೆ ಗೊತ್ತಿಲ್ಲ. ಮನೆಯಲ್ಲೇ ಕೂತು ಒಂದು ಸಣ್ಣ ಪರಿಹಾರ ಸಂಸ್ಥೆಗೆ ಗ್ರಾಂಟ್ ಅರ್ಜಿ, ಬಜೆಟ್, ಖರ್ಚಿನ ವರದಿ ಬರೆದುಕೊಡುತ್ತೇನೆ. ಸುಡಾನಿನಲ್ಲಿ 2023ರ ಏಪ್ರಿಲ್ 15ರಂದು ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಯುದ್ಧ ಶುರುವಾದಾಗ, ದೊಡ್ಡ ಸಂಸ್ಥೆಗಳ ಲಾರಿ ಹೋಗಲಾಗದ ಕಡೆಯೆಲ್ಲ ಆಯಾ ಕೇರಿಯ ಹುಡುಗ ಹುಡುಗಿಯರೇ ಒಲೆ ಹೂಡಿ ಊಟ ಹಾಕಿದರು. ಎಮರ್ಜೆನ್ಸಿ ರೆಸ್ಪಾನ್ಸ್ ರೂಮ್ಸ್ ಅಂತ ಅವರ ಜಾಲದ ಹೆಸರು. 2025ರಲ್ಲಿ ನಾರ್ವೆಯ ರಾಫ್ಟೊ ಪ್ರಶಸ್ತಿ, ರೈಟ್ ಲೈವ್ಲಿಹುಡ್ ಪ್ರಶಸ್ತಿ ಎರಡೂ ಅವರಿಗೆ ಸಂದವು. ಅದೇ ವರ್ಷ ಅವರ ಹತ್ತಿರ ಬೇಳೆಗೆ ದುಡ್ಡಿರಲಿಲ್ಲ. ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನು ತಡೆಹಿಡಿದ ಮೇಲೆ ಸಾವಿರಕ್ಕೂ ಹೆಚ್ಚು ಅಡುಗೆಮನೆಗಳು ಮುಚ್ಚಿದವು. ನಾವು ಹಣ ಕಳಿಸುತ್ತಿದ್ದ ಕೆಲವು ಕೂಡ ಆ ಪಟ್ಟಿಗೆ ಸೇರಿದವು.

ಆಗ ನಿಮ್ಮ ಹತ್ತಿರ ಬಂದೆ. ಅಡಿಕೆ ತೋಟಕ್ಕೆ ಎಲೆಚುಕ್ಕೆ ಬಿದ್ದು, ಅದರ ಮೇಲೆ ಕೊಳೆರೋಗವೂ ಸೇರಿ ಕೈ ಕಟ್ಟಿಹೋಗಿದ್ದ ಮನೆಗಳಿಗೇ ಬಂದೆ. ನಮ್ಮೂರಲ್ಲೇ ಇಷ್ಟು ಕಷ್ಟ ಇರುವಾಗ ಅಲ್ಲಿಗ್ಯಾಕೆ ಎಂದು ಕೆಲವರು ಕೇಳಿದಿರಿ. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರ ಕೊಟ್ಟವರು ನಾನಲ್ಲ, ಶರಾವತಿ ಮುಳುಗಡೆ ಕುಟುಂಬದ ಹಿರಿಯರೊಬ್ಬರು. ಲಿಂಗನಮಕ್ಕಿಯ ನೀರಿಗೆ ಮನೆ ಬಿಟ್ಟು ಬಂದವರ ಪೈಕಿ ಅವರು, ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಏನೂ ಭಾಷಣ ಮಾಡದೆ, ಯಾವ ಖಾತೆಗೆ ಹಾಕಬೇಕು ಹೇಳು ಅಂದರು.

ಸುಡಾನ್ ನಮ್ಮ ಜಿಲ್ಲೆಗೆ ಅಪರಿಚಿತವೂ ಅಲ್ಲ. ಯುದ್ಧ ಶುರುವಾದಾಗ ಗಿಡಮೂಲಿಕೆ ಎಣ್ಣೆ ಮಾರಲು ಹೋಗಿದ್ದ ಹಕ್ಕಿಪಿಕ್ಕಿ ಸಮುದಾಯದವರು ಪಶ್ಚಿಮ ಸುಡಾನಿನ ಎಲ್ ಫಾಶರ್ ಊರಿನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಹುಣಸೂರು, ಚನ್ನಗಿರಿಯವರ ಜೊತೆ ಶಿವಮೊಗ್ಗದವರೂ ಇದ್ದರು. ಭಾರತ ಸರ್ಕಾರದ ಆಪರೇಷನ್ ಕಾವೇರಿ ಎಂಬ ತೆರವು ಕಾರ್ಯಾಚರಣೆಯಲ್ಲಿ ಪೋರ್ಟ್ ಸುಡಾನ್, ಜೆಡ್ಡಾ ದಾಟಿ ಜನ ವಾಪಸಾಗಿದ್ದು ನಿಮಗೂ ನೆನಪಿರಬೇಕು. ಹಾಗಾಗಿ ಇಲ್ಲಿನ ಹಕ್ಕಿಪಿಕ್ಕಿ ಕ್ಯಾಂಪಿಗೆ ಹೋದಾಗ ಎಲ್ ಫಾಶರ್ ಎಲ್ಲಿದೆ ಎಂದು ವಿವರಿಸುವ ಪ್ರಮೇಯವೇ ಬರಲಿಲ್ಲ. ಒಬ್ಬ ಅಜ್ಜಿ ಸೊಂಟದ ಚೀಲದಿಂದ ಮಡಿಸಿದ ನೋಟು ತೆಗೆದು ಮೊಮ್ಮಗಳ ಕೈಗಿತ್ತು, ನಿನ್ನ ಖಾತೆಯಿಂದ ಕಳಿಸು ಅಂದರು. ಆಮೇಲೆ ನನ್ನ ಕಡೆ ತಿರುಗಿ, ಮಕ್ಕಳಿಗೆ ಹಾಲು ಸಿಗ್ತದಾ ಎಂದು ಕೇಳಿದರು. ಸಿಗುವುದಿಲ್ಲ ಎಂದೆ. ಹೊಸ ಬಜೆಟ್‌ನಲ್ಲಿ ಹಾಲಿನ ಪುಡಿಗೆ ಪ್ರತ್ಯೇಕ ಸಾಲು ಇದೆ. ಅದು ಅವರದ್ದು.

ಕಾನೂನಿನ ದಾರಿ ತೋರಿಸಿದ ಶಿವಮೊಗ್ಗದ ಆಡಿಟರ್‌ಗೆ ದೊಡ್ಡ ನಮಸ್ಕಾರ. ನಮ್ಮ ಟ್ರಸ್ಟುಗಳು ವಿದೇಶದಲ್ಲಿ ಖರ್ಚು ಮಾಡಿದರೆ ಸಾಮಾನ್ಯವಾಗಿ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಆದ್ದರಿಂದ ಒಂದೇ ಹುಂಡಿಯಲ್ಲಿ ಹಣ ಕೂಡಿಸಬೇಡಿ ಎಂದು ಮೊದಲ ದಿನವೇ ಹೇಳಿದರು. ವ್ಯಕ್ತಿಗಳು ವಿದೇಶಕ್ಕೆ ಹಣ ಕಳಿಸಲು ಇರುವ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಡಿ ನೀವು ನಿಮ್ಮ ನಿಮ್ಮ ಪ್ಯಾನ್ ಕೊಟ್ಟು, ಬ್ಯಾಂಕಿನಲ್ಲಿ ಫಾರ್ಮ್ ತುಂಬಿ ಕಳಿಸಿದಿರಿ. ತೆರಿಗೆ ರಿಯಾಯಿತಿಯ 80ಜಿ ರಸೀದಿಯೂ ಇಲ್ಲದ ದಾನ. ಸಣ್ಣ ಮೊತ್ತಕ್ಕೆ ಬ್ಯಾಂಕ್ ಶುಲ್ಕವೇ ಭಾರವೆಂದು ಮನೆಮಂದಿಯದ್ದೆಲ್ಲ ಸೇರಿಸಿ ಒಬ್ಬರ ಖಾತೆಯಿಂದ ಹಾಕಿದವರೂ ಇದ್ದೀರಿ.

ಆ ದುಡ್ಡು ಏನಾಯಿತು ಎಂಬುದನ್ನು ನಾನು ರಸೀದಿಗಳಲ್ಲಿ ನೋಡಿದ್ದೇನೆ. ಬಂಕಕ್ ಎಂಬ ಅಲ್ಲಿನ ಬ್ಯಾಂಕ್ ಆ್ಯಪಿನ ಸ್ಕ್ರೀನ್‌ಶಾಟ್, ಅದರ ಕೆಳಗೆ ಹರಿದ ನೋಟ್‌ಬುಕ್ ಹಾಳೆಯ ಫೋಟೊ. ಅರಬ್ಬಿಯಲ್ಲಿ ಗೀಚಿದ ಸಾಲುಗಳು: ಬೇಳೆ, ಉಪ್ಪು, ಎಣ್ಣೆ, ಕಟ್ಟಿಗೆ, ನೀರು ತರುವ ಕತ್ತೆಗಾಡಿಯ ಬಾಡಿಗೆ. ಮೂಲೆಯಲ್ಲಿ ಎಣ್ಣೆ ಮೆತ್ತಿದ ಹೆಬ್ಬೆರಳ ಗುರುತು. ಬೇಯಿಸುವುದು ಜೋಳದ ಹಿಟ್ಟಿನ ಅಸೀದ, ನಮ್ಮ ಮುದ್ದೆಯಂಥದ್ದೇ. ಎಲ್ ಫಾಶರ್‌ನಿಂದ ಬರುತ್ತಿದ್ದ ಈ ಫೋಟೊಗಳು 2025ರ ಅಕ್ಟೋಬರ್‌ನಲ್ಲಿ, ಹದಿನೆಂಟು ತಿಂಗಳ ಮುತ್ತಿಗೆಯ ನಂತರ ಊರು ಆರ್‌ಎಸ್‌ಎಫ್ ವಶವಾದಾಗ ನಿಂತುಹೋದವು. ಕಳಿಸುತ್ತಿದ್ದವರಲ್ಲಿ ಕೆಲವರು ನಡೆದುಕೊಂಡೇ ತವೀಲಾ ಎಂಬ ಊರು ಸೇರಿ, ಅಲ್ಲಿ ಮತ್ತೆ ಪಾತ್ರೆ ಇಟ್ಟಿದ್ದಾರೆ. ಉಳಿದವರ ಸುದ್ದಿ ಬಂದಿಲ್ಲ. ಅವರ ಹೆಸರಿನ ಫೈಲುಗಳನ್ನು ನಾನು ಮುಚ್ಚಿಲ್ಲ.

ಅನುದಾನ ಕೊಟ್ಟ ಪ್ರತಿಷ್ಠಾನದವರಿಗೂ ಇಲ್ಲಿಂದಲೇ ಕೃತಜ್ಞತೆ. ಯುದ್ಧಪೀಡಿತರ ಹೆಸರಿನ ಹಣದಲ್ಲಿ ಕಾಲುಭಾಗವಾದರೂ ಸ್ಥಳೀಯರ ಕೈಗೆ ಹೋಗಬೇಕೆಂದು ದೊಡ್ಡ ದಾನಿಗಳು 2016ರಲ್ಲೇ ಗ್ರ್ಯಾಂಡ್ ಬಾರ್ಗೇನ್ ಎಂಬ ಒಪ್ಪಂದ ಮಾಡಿಕೊಂಡರು, ಆ ಮಾತು ಇನ್ನೂ ನಡೆದಿಲ್ಲ. ಒಂದೇ ಅಂಗಡಿ ತೆರೆದಿರುವ ಊರಿನಿಂದ ಮೂರು ಕೊಟೇಶನ್ ತನ್ನಿ ಎನ್ನುವ ನಿಯಮಗಳಿಗೆ ಉತ್ತರ ಬರೆದು ಬರೆದು ನಾನು ಸೋತಿದ್ದೆ. ಇವರು ಕೊಟೇಶನ್ ಕೇಳಲಿಲ್ಲ, ಪಾತ್ರೆಯ ಮೇಲೆ ತಮ್ಮ ಲೋಗೊ ಕೇಳಲಿಲ್ಲ. ಅಕ್ಕಿಗೋ, ನೀರಿಗೋ, ಔಷಧಿಗೋ ಅಲ್ಲಿಯವರೇ ತೀರ್ಮಾನಿಸಲಿ ಎಂದರು. ವಾಟ್ಸ್ಆ್ಯಪ್ ಫೋಟೊ, ಅರಬ್ಬಿ ಧ್ವನಿಸಂದೇಶಗಳನ್ನೇ ವರದಿ ಎಂದು ಒಪ್ಪಿದ್ದಾರೆ. ಇಂಥ ನಂಬಿಕೆಯೇ ಅರ್ಧ ಊಟ ಹಾಕುತ್ತದೆ ಎಂದು ನನಗೆ ಖಾತ್ರಿಯಾಗಿದೆ.

ಅರ್ಜಿಯ ಕೊನೆಯ ದಿನ ಮಳೆಗೆ ಕಂಬ ಬಿದ್ದು ಕರೆಂಟ್ ಇರಲಿಲ್ಲ. ರಾತ್ರಿ ಸೊಸೈಟಿ ಕಚೇರಿಯ ಬೀಗ ತೆಗೆದು, ಜನರೇಟರ್ ಹಾಕಿ, ನಾನು ಕಳಿಸಿ ಮುಗಿಸುವವರೆಗೂ ಕೂತಿದ್ದ ಕಾರ್ಯದರ್ಶಿಯವರೇ, ಆ ಅರ್ಜಿಯೇ ಇವತ್ತು ಮಂಜೂರಾಗಿರುವುದು.

ಪ್ರತಿ ತಿಂಗಳು ಕಳಿಸುತ್ತಿದ್ದವರು ಸದ್ಯಕ್ಕೆ ನಿಲ್ಲಿಸಬಹುದು, ತೋಟಕ್ಕೆ ಔಷಧಿ ಹೊಡೆಸಿಕೊಳ್ಳಿ. ಪೂರ್ತಿ ಲೆಕ್ಕದ ಪ್ರತಿಯನ್ನು ಸೊಸೈಟಿ ಕಚೇರಿಯಲ್ಲಿ ಇಟ್ಟಿದ್ದೇನೆ, ಅರಬ್ಬಿ ರಸೀದಿಗಳಿಗೆ ಕನ್ನಡದಲ್ಲಿ ವಿವರ ಬರೆದಿದ್ದೇನೆ. ಬಂದು ನೋಡಿ, ಕೇಳಬೇಕೆನಿಸಿದ್ದನ್ನು ಕೇಳಿ.