ಹೊರದೇಶದಲ್ಲಿ ಹರಳು ಕೊಳ್ಳಹೊರಟ ಮಗಳಿಗೆ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪನ ಶುಭಾಶೀರ್ವಾದಗಳು.

ಬ್ಯಾಂಕಾಕ್ ಮತ್ತು ಕೊಲಂಬೊಗೆ ಹೊರಟಿರುವುದಾಗಿಯೂ, ಬರುವಾಗ ಒಂದು ಮಾಣಿಕ್ಯವನ್ನೋ ನೀಲವನ್ನೋ ತರಬೇಕೆಂದಿರುವುದಾಗಿಯೂ ನೀನು ಬರೆದ ಕಾಗದ ತಲುಪಿತು. ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಹರಳಿನ ಬೆಲೆಯ ಬಹುಪಾಲು ಬರಿಗಣ್ಣಿಗೆ ಕಾಣದ ಸಂಗತಿಗಳ ಮೇಲೆ ನಿಂತಿರುತ್ತದೆ ಎಂಬುದನ್ನು ನಾನು ಹಣ ಕಳೆದುಕೊಂಡು ತಿಳಿದವನು. ನಿನಗೆ ಹಾಗಾಗಬಾರದೆಂದು ಇಷ್ಟು ಬರೆಯುತ್ತಿದ್ದೇನೆ.

ಹಲವು ವರ್ಷಗಳ ಹಿಂದೆ ಅಂಥದ್ದೇ ಒಂದು ಪ್ರವಾಸದಲ್ಲಿ, ಅಂಗಡಿಯ ಹಳದಿ ದೀಪದ ಕೆಳಗೆ ಕೆಂಡದಂತೆ ಹೊಳೆಯುತ್ತಿದ್ದ ಮೂರು ಕ್ಯಾರೆಟ್ ತೂಕದ ಕೆಂಪನ್ನು, ಇಷ್ಟು ದೊಡ್ಡ ಕಲ್ಲು ಇಷ್ಟು ಅಗ್ಗಕ್ಕೆ ಸಿಕ್ಕಿತಲ್ಲಾ ಎಂಬ ಹಿಗ್ಗಿನಲ್ಲಿ ಕೊಂಡು ತಂದೆ. ಉಂಗುರವನ್ನು ದುರಸ್ತಿ ಮಾಡುವಾಗ ಅಕ್ಕಸಾಲಿಯ ಬೆಂಕಿಯ ಝಳ ತಗುಲಿದ್ದೇ ತಡ, ಕಲ್ಲಿನ ಮೈಯೆಲ್ಲ ಮಂಕಾಗಿ ಬಲೆ ಹೆಣೆದಂತೆ ಗೆರೆಗಳು ಎದ್ದವು. ಆಮೇಲೆ ಲೂಪ್ (ಹರಳು ನೋಡುವ ಪುಟ್ಟ ಭೂತಗನ್ನಡಿ) ಹಿಡಿದು ನೋಡಿದರೆ ಒಳಗೆ ಗಾಳಿಗುಳ್ಳೆಗಳು, ಓರೆಯಾಗಿಸಿದಾಗ ಮಿಂಚಿ ಮಾಯವಾಗುವ ನೀಲಿ ಹೊಳಪು. ಅದು ಬಿರುಕುಗಳಿಂದ ತುಂಬಿದ ಕೀಳು ಕುರುಂದ ಖನಿಜದೊಳಕ್ಕೆ ಸೀಸದ ಗಾಜನ್ನು ಕರಗಿಸಿ ಇಳಿಸಿದ ಕಲ್ಲಾಗಿತ್ತು. ಇಂಥ ಗಾಜು ನಿಂಬೆರಸಕ್ಕೂ ಸವೆಯುತ್ತದೆ. ಆ ದಿನ ಕಲ್ಲನ್ನು ಬಾಗಿಲಾಚೆಯ ಹಗಲಿಗೆ ತಂದು ಲೂಪಿನಲ್ಲಿ ನೋಡಿದ್ದರೂ ಸಾಕಿತ್ತು ಎಂದು ಈಗಲೂ ಮನಸ್ಸಿಗೆ ನೋವಾಗುತ್ತದೆ.

ಮಾಣಿಕ್ಯವೂ ನೀಲವೂ ಒಂದೇ ಕುರುಂದದ ಎರಡು ಬಣ್ಣಗಳು. ಇಂದು ಪೇಟೆಗೆ ಬರುವ ನೀಲಗಳಲ್ಲಿ ಹೆಚ್ಚಿನವು ಕಾಯಿಸಿದವು. ಶ್ರೀಲಂಕಾದಲ್ಲಿ 'ಗೆವುಡ' ಎಂದು ಕರೆಯುವ ಹಾಲುಬಣ್ಣದ ಕಲ್ಲನ್ನು ಹೆಚ್ಚಿನ ಶಾಖದಲ್ಲಿ ಕಾಯಿಸಿದರೆ ಅಚ್ಚ ನೀಲಿಗೆ ತಿರುಗುತ್ತದೆ. ಇದು ವ್ಯಾಪಾರದಲ್ಲಿ ಎಲ್ಲರೂ ಒಪ್ಪಿಕೊಂಡಿರುವ ಕ್ರಮ, ಮೋಸವಲ್ಲ. ಆದರೆ ನೋಟಕ್ಕೆ ಒಂದೇ ಆಗಿರುವ ಎರಡು ನೀಲಗಳಲ್ಲಿ ಕಾಯಿಸದ್ದು ಎಷ್ಟೋ ಪಟ್ಟು ಹೆಚ್ಚು ಬೆಲೆಬಾಳುವುದರಿಂದ, ಕಾಯಿಸಿದ್ದನ್ನು ಕಾಯಿಸದ್ದರ ಬೆಲೆಗೆ ಮಾರುವುದು ಮಾತ್ರ ಮೋಸವೇ. ಬೆರಿಲಿಯಂ ಎಂಬ ಧಾತುವನ್ನು ಸೇರಿಸಿ ಕಾಯಿಸಿ ಬಣ್ಣ ಬರಿಸುವ ವಿಧಾನವೂ ಇದೆ. ಅದನ್ನು ಪ್ರಯೋಗಶಾಲೆಯೇ ಪತ್ತೆಹಚ್ಚಬೇಕು. ಪಚ್ಚೆಯ ಬಿರುಕುಗಳಿಗೆ ಎಣ್ಣೆ ತುಂಬುವುದು ಹಳೆಯ ರೂಢಿ. ಅಲ್ಲಿ ಕೇಳಬೇಕಾದದ್ದು ಎಣ್ಣೆ ಎಷ್ಟು ಎಂಬುದು.

ಕಾರ್ಖಾನೆಯ ಮಾಣಿಕ್ಯದ ವಿಷಯವನ್ನೂ ತಿಳಿದಿರು. ಫ್ರಾನ್ಸಿನ ರಸಾಯನ ವಿಜ್ಞಾನಿ ವರ್ನ್ಯೂಯಿ 1902ರಲ್ಲಿ ಪ್ರಕಟಿಸಿದ ವಿಧಾನದಿಂದ ಇಂದಿಗೂ ಅಗ್ಗದ ಕೆಂಪು ತಯಾರಾಗುತ್ತಿದೆ. ಅದರೊಳಗಿನ ಬೆಳವಣಿಗೆಯ ಗೆರೆಗಳು ಬಾಗಿರುತ್ತವೆ, ಗಣಿಯ ಕಲ್ಲಿನಲ್ಲಿ ಅವು ನೇರವಾಗಿರುತ್ತವೆ. ದೊಡ್ಡದಾಗಿದ್ದು, ಒಳಗೆ ಒಂದು ಕಲೆಯೂ ಇಲ್ಲದೆ, ಅಗ್ಗವೂ ಆಗಿರುವ ಕೆಂಪನ್ನು ಕಂಡರೆ ಸಂತೋಷಪಡುವ ಮೊದಲು ಸಂಶಯಪಡು. ಬ್ರಿಟಿಷ್ ರಾಜಕಿರೀಟದಲ್ಲಿ ಶತಮಾನಗಳ ಕಾಲ ಮಾಣಿಕ್ಯವೆಂದೇ ಮಾನ್ಯವಾಗಿದ್ದ ಕೆಂಪು ಕಲ್ಲು ಕೊನೆಗೆ ಸ್ಪಿನೆಲ್ ಎಂಬ ಬೇರೆಯೇ ಖನಿಜವೆಂದು ಗೊತ್ತಾಯಿತು. ಬಣ್ಣವೊಂದನ್ನೇ ನಂಬಿ ನಿರ್ಣಯಿಸಿದವರು ಅರಸರಾದರೂ ತಪ್ಪಿದ್ದಾರೆ.

ಕಲ್ಲನ್ನು ಮುಖ ಮೇಲಾಗಿ ಅಚ್ಚಾದ ಅಕ್ಷರಗಳ ಮೇಲಿಟ್ಟು ನೋಡು. ನಡುವೆ ಅಕ್ಷರ ಓದಲು ಬಂದರೆ ಕಟಿಂಗ್ ಸರಿಯಿಲ್ಲ, ಬೆಳಕು ಕಣ್ಣಿಗೆ ಮರಳದೆ ಕೆಳಗೆ ಸೋರಿಹೋಗುತ್ತಿದೆ ಎಂದು ಅರ್ಥ. ಐದು ಕ್ಯಾರೆಟ್‌ಗೆ ಒಂದು ಗ್ರಾಂ. ದರವನ್ನು ಯಾವಾಗಲೂ ಕ್ಯಾರೆಟ್ ಲೆಕ್ಕದಲ್ಲೇ ಕೇಳು. ಕಲ್ಲು ದೊಡ್ಡದಾದಂತೆ ಕ್ಯಾರೆಟ್ಟಿನ ದರವೂ ಏರುವುದರಿಂದ, ಎರಡು ಕ್ಯಾರೆಟಿನ ಒಂದು ಕಲ್ಲಿನ ಬೆಲೆಯನ್ನು ಅದೇ ತೂಕದ ಅದೇ ದರ್ಜೆಯ ಕಲ್ಲಿನೊಂದಿಗೇ, ಕನಿಷ್ಠ ಮೂರು ನಾಲ್ಕು ಕಡೆ ವಿಚಾರಿಸಿ ಹೋಲಿಸಬೇಕು. ಒಂದೇ ಅಂಗಡಿಯಲ್ಲಿ ಅರ್ಧಕ್ಕರ್ಧ ಇಳಿಸಿಕೊಟ್ಟರೆಂದು ಅದು ನ್ಯಾಯವಾದ ಬೆಲೆಯಾಗುವುದಿಲ್ಲ.

ಬ್ಯಾಂಕಾಕ್‌ನಲ್ಲಿ ಟುಕ್‌ಟುಕ್ ಚಾಲಕನೋ ದಾರಿಯಲ್ಲಿ ಪರಿಚಯವಾದ ಸಭ್ಯಸ್ಥನೋ, ಇಂದು ಒಂದೇ ದಿನ ಸರ್ಕಾರಿ ರಿಯಾಯಿತಿ ಮಾರಾಟ, ಊರಿಗೆ ಹೋಗಿ ಮಾರಿದರೆ ದುಪ್ಪಟ್ಟು ಲಾಭ ಎಂದರೆ ಅಲ್ಲಿಂದ ಹೊರಟುಬಿಡು. ಪ್ರವಾಸಿಗರಿಗೆ ಬಹಳ ಕಾಲದಿಂದ ಬೀಸುತ್ತಿರುವ ಬಲೆ ಅದು.

ಅಂಗಡಿಯವರೇ ಕೊಡುವ ಪ್ರಮಾಣಪತ್ರಕ್ಕೆ ನಾನು ಬೆಲೆ ಕೊಡುವುದಿಲ್ಲ. ಜಿಐಎ, ಗ್ಯೂಬೆಲಿನ್, ಎಸ್‌ಎಸ್‌ಇಎಫ್‌ನಂಥ ಸ್ವತಂತ್ರ ಪ್ರಯೋಗಶಾಲೆಗಳ ವರದಿ ಇದ್ದರೆ ಅದರ ಸಂಖ್ಯೆಯನ್ನು ಆಯಾ ಸಂಸ್ಥೆಯ ಜಾಲತಾಣದಲ್ಲಿ ತಾಳೆನೋಡಿ, ತೂಕವನ್ನೂ ಅಳತೆಯನ್ನೂ ನಿನ್ನ ಮುಂದಿರುವ ಕಲ್ಲಿಗೆ ಹೋಲಿಸು. ಇಂಥ ವರದಿ ಕಲ್ಲು ಯಾವುದು, ಅದಕ್ಕೆ ಏನು ಮಾಡಲಾಗಿದೆ ಎಂಬುದನ್ನು ಹೇಳುತ್ತದೆ; ಬೆಲೆಯನ್ನು ಹೇಳುವುದಿಲ್ಲ. ವರದಿ ಇಲ್ಲದಿದ್ದರೆ, ಪರೀಕ್ಷೆಯಲ್ಲಿ ಬೇರೆ ಫಲ ಬಂದಲ್ಲಿ ಹಣ ಹಿಂತಿರುಗಿಸುವುದಾಗಿ ಬಿಲ್ಲಿನಲ್ಲೇ ಬರೆಸಿಕೋ. ಸಹಜವೇ, ಕಾಯಿಸಿದ್ದೇ, ತೂಕವೆಷ್ಟು ಎಂಬುದೂ ಅದರಲ್ಲಿರಲಿ. ಬರೆದುಕೊಡಲು ಹಿಂಜರಿದರೆ ಕೊಳ್ಳಬೇಡ. ಮರಳುವಾಗ ಆ ಬಿಲ್ಲನ್ನು ಕೈಯಲ್ಲಿಟ್ಟುಕೊಂಡು ಕಸ್ಟಮ್ಸ್‌ನಲ್ಲಿ ತಪ್ಪದೆ ಘೋಷಿಸು.

ಈ ಕಾಗದದ ಜೊತೆ ನನ್ನ ಹತ್ತು ಪಟ್ಟಿನ ಲೂಪನ್ನೂ, ಹಾಳಾದ ಆ ಕೆಂಪನ್ನೂ ಇಟ್ಟಿದ್ದೇನೆ. ಲೂಪನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಕಲ್ಲನ್ನು ಅದರಿಂದ ಒಂದಂಗುಲ ದೂರಕ್ಕೆ ತಂದು, ಆ ಗುಳ್ಳೆಗಳು ಸ್ಪಷ್ಟವಾಗಿ ಕಾಣುವವರೆಗೆ ಹೊರಡುವ ಮೊದಲೇ ಅಭ್ಯಾಸ ಮಾಡಿಕೋ.

ಇತಿ ನಿನ್ನ ಶ್ರೇಯಸ್ಸನ್ನು ಬಯಸುವ,
ದೊಡ್ಡಪ್ಪ