ದೀಪದ ಅರ್ಥಿಂಗ್ ಮೇಲೆ ಬಣ್ಣ ಬಳಿದು, ವೈರಿಂಗ್‌ಗೆ ಹಣ ಪಡೆದ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಟಿಂಕರಿಂಗ್, ಪೇಂಟಿಂಗ್ ಮತ್ತು ಎಲೆಕ್ಟ್ರಿಕಲ್ ವಿಭಾಗ,
ಮೈಸೂರು.

ವಿಷಯ: 1968ರ ಫಿಯೆಟ್ 1100 ಡಿಲೈಟ್ ಕಾರಿನ ದೀಪಗಳ ದುರಸ್ತಿಯಲ್ಲಿ ಆಗಿರುವ ಸೇವಾ ನ್ಯೂನತೆ.

ಮಾನ್ಯರೇ,

ಫೋನ್ ಮಾಡಿದಾಗಲೆಲ್ಲ "ನೋಡಿ ತಿಳಿಸುತ್ತೇವೆ ಮೇಡಂ" ಎಂಬ ಒಂದೇ ಉತ್ತರ ಕೇಳಿ ಸಾಕಾಗಿದೆ. ನಿನ್ನೆ ಸಂಜೆ ಕಾರಿನ ಫ್ಯೂಸ್ ಬಾಕ್ಸ್ ತೆರೆದು ನೋಡಿದ ಮೇಲೆ ಇನ್ನು ಬಾಯಿಮಾತಿನಲ್ಲಿ ಕೇಳುವ ಅಗತ್ಯವಿಲ್ಲ ಎಂದು ತೀರ್ಮಾನಿಸಿ ಬರೆಯುತ್ತಿದ್ದೇನೆ.

ಕಾರು ನಮ್ಮ ಮಾವನವರ ಕಾಲದ್ದು. ಮುಂಬೈಯ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ತಯಾರಾದದ್ದು. ಅದನ್ನು ತಮ್ಮಲ್ಲಿ ಬಿಟ್ಟದ್ದು ಟಿಂಕರಿಂಗ್ ಮತ್ತು ಬಣ್ಣಕ್ಕಾಗಿ ಮಾತ್ರ. ಬಿಡುವಾಗ ಎಲ್ಲ ದೀಪಗಳೂ ಸರಿಯಾಗಿ ಉರಿಯುತ್ತಿದ್ದವು. ಅದನ್ನು ನಿಮ್ಮವರೇ ಪರೀಕ್ಷಿಸಿ ಜಾಬ್ ಕಾರ್ಡಿನಲ್ಲಿ ಗುರುತು ಹಾಕಿದ್ದಾರೆ. ಬಣ್ಣ ಮುಗಿಸಿ ಕೊಟ್ಟ ದಿನವೇ ಎಡಗಡೆಯ ಹೆಡ್‌ಲೈಟ್ ಮಂಕಾಗಿತ್ತು. ಎಡ ಇಂಡಿಕೇಟರ್ ಹಾಕಿದರೆ ಅದೇ ಬದಿಯ ಹಿಂದಿನ ಕೆಂಪು ದೀಪವೂ ಅದರ ಜೊತೆ ಮಿಣುಕುತ್ತಿತ್ತು. ಬ್ರೇಕ್ ಒತ್ತಿದರೆ ಮುಂದಿನ ಪಾರ್ಕಿಂಗ್ ದೀಪಗಳಲ್ಲಿ ಬೆಳಕು ಸಣ್ಣಗೆ ಹಾಯುತ್ತಿತ್ತು.

ಈ ಮೂರು ಲಕ್ಷಣಗಳನ್ನು ಕೇಳಿದೊಡನೆ ಯಾವ ಎಲೆಕ್ಟ್ರಿಷಿಯನ್ ಆದರೂ ಹೇಳುವುದು ಒಂದೇ ಮಾತು: ಅರ್ಥಿಂಗ್ ನೋಡಿ. ಅರ್ಥಿಂಗ್ ಎಂದರೆ ಕರೆಂಟ್ ಬ್ಯಾಟರಿಗೆ ಹಿಂದಿರುಗುವ ದಾರಿ, ಈ ಕಾರಿನಲ್ಲಿ ಅದು ಬಾಡಿಯ ತಗಡೇ. ದೀಪದ ಹೋಲ್ಡರ್ ತಗಡಿಗೆ ತಾಗುವ ಜಾಗದಲ್ಲಿ ತುಕ್ಕೋ ಬಣ್ಣವೋ ಕೂತರೆ ಆ ದಾರಿ ಮುಚ್ಚುತ್ತದೆ. ಆಗ ಕರೆಂಟ್ ಪಕ್ಕದ ಫಿಲಮೆಂಟಿನ (ಬಲ್ಬಿನೊಳಗೆ ಉರಿಯುವ ತಂತಿಯ) ಮೂಲಕ ಹಿಮ್ಮುಖವಾಗಿ ನುಗ್ಗಿ ಬೇರೆ ದೀಪಗಳ ಅರ್ಥಿಂಗ್ ಹುಡುಕಿಕೊಂಡು ಹೋಗುತ್ತದೆ. ಹೊಸದಾಗಿ ಬಣ್ಣ ಹೊಡೆದ ಕಾರಿನಲ್ಲಿ ಮೊದಲು ನೋಡಬೇಕಾದ ಜಾಗ ಅದು.

ನಿಮ್ಮವರು ಮೊದಲು ಬಲ್ಬ್ ಬದಲಿಸಿದರು. ಆಮೇಲೆ ಬ್ಯಾಟರಿ ಚಾರ್ಜ್ ಮಾಡುವ ಡೈನಮೋ ಸೋತಿದೆ ಎಂದರು. ಡೈನಮೋ ಸೋತಿದ್ದರೆ ಎರಡೂ ಹೆಡ್‌ಲೈಟ್ ಮಂಕಾಗಬೇಕು, ಎಕ್ಸಲರೇಟರ್ ಒತ್ತಿದಾಗ ಎರಡೂ ಬೆಳಗಬೇಕು. ಒಂದೇ ಕಡೆ ಮಂಕಾಗುವುದು ಹೇಗೆ ಎಂದು ಕೇಳಿದ್ದಕ್ಕೆ ಇವತ್ತಿನವರೆಗೆ ಉತ್ತರ ಬಂದಿಲ್ಲ. ಕೊನೆಗೆ ಪೂರ್ತಿ ವೈರಿಂಗ್ ಕಿಟ್ ಬದಲಿಸಿ 14,600 ರೂಪಾಯಿ ಬಿಲ್ ಮಾಡಿದರು. ಅದಾದ ಮೇಲೂ ಇಂಡಿಕೇಟರ್ ಹಾಕಿದರೆ ಕೆಂಪು ದೀಪ ಮಿಣುಕುತ್ತಲೇ ಇತ್ತು.

ಆ ದಿನ ತಮ್ಮ ಕೌಂಟರಿನಲ್ಲಿ ನಡೆದದ್ದನ್ನು ತಾವು ಪೂರ್ತಿಯಾಗಿ ತಿಳಿಯಬೇಕು. ನಾನು ಪಾಲಿಟೆಕ್ನಿಕ್‌ನ ಎಲೆಕ್ಟ್ರಿಕಲ್ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ತಂದಿದ್ದೆ. ಜೊತೆಗೆ ನನ್ನ ಅಕ್ಕನ ಮಗ ಇದ್ದ. ಅವನು ಓದುತ್ತಿರುವುದು ಬಿ.ಕಾಂ. "ದೀಪ ಹಾಕಿ, ಹೋಲ್ಡರಿನಿಂದ ಬ್ಯಾಟರಿಯ ನೆಗೆಟಿವ್‌ಗೆ ವೋಲ್ಟೇಜ್ ನೋಡಿ, ಅರ್ಧ ವೋಲ್ಟಿಗಿಂತ ಹೆಚ್ಚಿದ್ದರೆ ತೊಂದರೆ ಅಲ್ಲೇ" ಎಂದು ನಾನು ಸರ್ವಿಸ್ ಅಡ್ವೈಸರ್‌ಗೆ ಹೇಳಿದೆ. ಅವರು ನನ್ನತ್ತ ತಿರುಗಲೇ ಇಲ್ಲ. ಹುಡುಗನನ್ನು ನೋಡಿ, "ಅಮ್ಮನವರಿಗೆ ನೀವೇ ತಿಳಿಸಿ ಹೇಳಿ, ಹಳೆಯ ಕಾರೆಂದರೆ ಇಷ್ಟೇ ಬೆಳಕು" ಎಂದರು. ಮಾತನಾಡುತ್ತಿರುವುದು ನಾನು ಎಂದೆ. ಆಗಲೂ ಅವನನ್ನೇ ನೋಡುತ್ತಾ, "ಮನೆಯಲ್ಲಿ ಗಂಡಸರು ಯಾರಾದರೂ ಇದ್ದರೆ ಕಳಿಸಿ, ಅವರಿಗೆ ವಿವರಿಸುತ್ತೇವೆ" ಎಂದರು. ಮೇಜಿನ ಮೇಲಿದ್ದ ನನ್ನ ಮೀಟರನ್ನು ಎರಡು ಬೆರಳಿನಿಂದ ಪಕ್ಕಕ್ಕೆ ಸರಿಸಿ ಆ ಜಾಗದಲ್ಲಿ ಬಿಲ್ ಇಟ್ಟರು. ಸರದಿಯಲ್ಲಿದ್ದ ಒಬ್ಬರು ನಕ್ಕರು. ಹುಡುಗ ತಲೆತಗ್ಗಿಸಿ, "ಚಿಕ್ಕಮ್ಮ, ಬನ್ನಿ ಹೋಗೋಣ" ಎಂದ. ಆ ಬಿಲ್ಲಿನ ಮೇಲೆ ಹಣ ಕೊಡಬೇಕಾದವರೆಂದು ಬರೆದಿದ್ದದ್ದು ನನ್ನ ಹೆಸರೇ. ಹಣ ಎಣಿಸಿಕೊಳ್ಳುವಾಗ ಗಂಡಸರನ್ನು ಕಳಿಸಿ ಎಂದು ಯಾರೂ ಹೇಳಲಿಲ್ಲ.

ಮನೆಯಲ್ಲಿ ಡಿಕ್ಕಿಯೊಳಗಿನಿಂದ ಎಡ ದೀಪದ ಹೋಲ್ಡರ್ ಬಿಚ್ಚಿದೆ. ಅರ್ಥ್ ಸ್ಕ್ರೂ ಕೂರುವ ರಂಧ್ರದ ಸುತ್ತ ತಮ್ಮ ಬಣ್ಣ ಉಗುರಿನಷ್ಟು ದಪ್ಪವಾಗಿ ಕೂತಿತ್ತು. ಮೀಟರ್ ತೋರಿಸಿದ್ದು 4 ವೋಲ್ಟಿಗೂ ಹೆಚ್ಚು. ಹೋಲ್ಡರಿನಿಂದ ಬ್ಯಾಟರಿಯ ನೆಗೆಟಿವ್‌ಗೆ ಒಂದು ತುಂಡು ವೈರ್ ಹಿಡಿದೊಡನೆ ಬ್ರೇಕ್ ಲೈಟ್ ಪೂರ್ತಿ ಬೆಳಗಿತು, ಪಾರ್ಕಿಂಗ್ ದೀಪದ ಮಿಣುಕು ನಿಂತಿತು. ಉಪ್ಪುಕಾಗದದಿಂದ ತಗಡು ಹೊಳೆಯುವವರೆಗೆ ಉಜ್ಜಿ ಸ್ಕ್ರೂ ಬಿಗಿದೆ. ಹೆಡ್‌ಲೈಟಿನದೂ ಅದೇ ಕಥೆ.

ದೀಪ ಸರಿಯಾಯಿತೆಂದು ಈ ದೂರು ಮುಗಿಯುವುದಿಲ್ಲ. ಫ್ಯೂಸ್ ಬಾಕ್ಸಿನಲ್ಲಿ 8 ಆಂಪಿಯರ್‌ನ ಒಂದು ಪಿಂಗಾಣಿ ಫ್ಯೂಸಿನ ಮೇಲೆ ನಿಮ್ಮವರು ತಾಮ್ರದ ತಂತಿ ಸುತ್ತಿ ಬಿಟ್ಟಿದ್ದಾರೆ. ಶಾರ್ಟ್ ಆದರೆ ಫ್ಯೂಸ್ ಹಾರಬೇಕು. ತಾಮ್ರ ಹಾರುವುದಿಲ್ಲ, ಡ್ಯಾಶ್‌ಬೋರ್ಡಿನ ಕೆಳಗಿನ ವೈರ್ ಹೊತ್ತಿಕೊಳ್ಳುತ್ತದೆ. ಆ ಕಾರಿನಲ್ಲಿ ನನ್ನ ಮೊಮ್ಮಕ್ಕಳು ಕೂರುತ್ತಾರೆ.

ಎಸ್ಟಿಮೇಟ್ ಮೀರಿದ ಕೆಲಸಕ್ಕೆ ಮಾಲೀಕರ ಒಪ್ಪಿಗೆ ಪಡೆಯಬೇಕು, ಬಿಚ್ಚಿದ ಹಳೆಯ ಭಾಗಗಳನ್ನು ಹಿಂದಿರುಗಿಸಬೇಕು ಎಂದು ತಮ್ಮ ಜಾಬ್ ಕಾರ್ಡಿನ ಹಿಂಬದಿಯಲ್ಲೇ ಅಚ್ಚಾಗಿದೆ. ನನ್ನನ್ನು ಯಾರೂ ಕೇಳಲಿಲ್ಲ. ಮಾವನವರ ಕಾಲದ ಮೂಲ ವೈರಿಂಗ್ ಎಲ್ಲಿದೆ? ಗುಜರಿಗೆ ಹೋಗಿದ್ದರೆ ಹಾಗೆಂದು ಬರೆದು ಕೊಡಿ. ಅಂಥದ್ದು ಇನ್ನೊಂದು ಸಿಗುವುದಿಲ್ಲ.

14,600 ರೂಪಾಯಿ ಮತ್ತು ಹಳೆಯ ವೈರಿಂಗ್ ಹದಿನೈದು ದಿನಗಳೊಳಗೆ ನನ್ನ ಕೈಸೇರಬೇಕು. ಇಲ್ಲದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ದಾಖಲಿಸುತ್ತೇನೆ. ಅಲ್ಲಿ ಈ ಮೊತ್ತಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ನಾನೇ ನಿಂತು ವಾದಿಸುತ್ತೇನೆ. ಬಣ್ಣ ಕೂತ ರಂಧ್ರದ ಮತ್ತು ಫ್ಯೂಸಿನ ಫೋಟೋಗಳು ನನ್ನಲ್ಲಿವೆ. ಹಣ ಹಿಂದಿರುಗಿಸಿದರೂ ತಾಮ್ರದ ತಂತಿಯ ವಿಷಯವನ್ನು ನಾನು ಬಿಡುವುದಿಲ್ಲ. ಅದನ್ನು ಸುತ್ತಿದವರು ಯಾರು ಎಂದು ಆಯೋಗದ ಮುಂದೆ ತಾವು ಹೇಳಲೇಬೇಕಾಗುತ್ತದೆ.

ಇತಿ,
ಕಾರಿನ ಒಡತಿ